21 ದಿನ ಮಾತ್ರೆ, 7 ದಿನ ಬಿಡುವು

ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳು. ಆ ತಿಂಗಳಲ್ಲಿ ಮಂಡ್ಯದ ಮಹಿಳಾ ಸಂಘದವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರ್. ನನಗಿರುವುದು ಸ್ತನದಿಂದ ಮೂಳೆಗೆ ಹರಡಿದ ಕ್ಯಾನ್ಸರ್. ಬೆಳಗ್ಗೆ ಅದರ ಮಾತ್ರೆ ನುಂಗಿ ಶಾಲೆಗೆ ಹೋಗುತ್ತೇನೆ. ಇವೆರಡೂ ಒಟ್ಟಿಗೆ ಹೇಗೆ ನಡೆಯುತ್ತವೆ ಅಂತ ಹೇಳಲು ಬಂದಿದ್ದೇನೆ.

ಎಲ್ಲಿ ಹೋದರೂ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಟ್ರೀಟ್‌ಮೆಂಟ್ ಯಾವಾಗ ಮುಗಿಯುತ್ತೆ?" ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ಕೇಳಿದ ಮೇಲೆ ಅವರ ಮುಖ ಸಪ್ಪಗಾಗುತ್ತದೆ. ಯಾಕೆಂದರೆ ನನ್ನ ಟ್ರೀಟ್‌ಮೆಂಟ್ ಮುಗಿಯುವಂಥದ್ದಲ್ಲ. ಮಾತ್ರೆ ಕೆಲಸ ಮಾಡುವವರೆಗೆ, ದೇಹ ತಡೆದುಕೊಳ್ಳುವವರೆಗೆ ತೆಗೆದುಕೊಳ್ಳುತ್ತಲೇ ಇರಬೇಕು. ನಿಲ್ಲಿಸಿದರು ಅಂದರೆ ಒಂದೋ ಮಾತ್ರೆಗೆ ಕಾಯಿಲೆ ಬಗ್ಗುತ್ತಿಲ್ಲ ಅಂತ, ಇಲ್ಲಾ ನನಗೆ ಅದು ಒಗ್ಗುತ್ತಿಲ್ಲ ಅಂತ. ಹಾಗಾಗಿ ಮುಗಿಯದೆ ಇರುವುದೇ ನನ್ನ ಪಾಲಿಗೆ ಒಳ್ಳೆಯ ಸುದ್ದಿ. ಇದು ತಲೆಗೆ ಹೋದ ದಿನದಿಂದ "ಇದೆಲ್ಲ ಮುಗೀಲಿ, ಆಮೇಲೆ ನೋಡೋಣ" ಅನ್ನುವ ಮಾತು ನಮ್ಮ ಮನೆಯಲ್ಲಿ ನಿಂತಿತು. ಮನೆಗೆ ಸುಣ್ಣ ಬಣ್ಣ, ತಂಗಿಯ ಮಗನ ಮದುವೆ, ಧರ್ಮಸ್ಥಳಕ್ಕೆ ಹೋಗಿ ಬರುವುದು, ಎಲ್ಲ ಈಗಲೇ. ಆಮೇಲೆ ಅನ್ನುವ ದಿನಕ್ಕೆ ಕಾಯುತ್ತಾ ಕೂತರೆ ಈಗಿನ ದಿನ ಯಾರದು ಹೇಳಿ?

ಮೊದಲು ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಸ್ತನ ಕ್ಯಾನ್ಸರ್ ಅಂದರೆ ಎಲ್ಲರಿಗೂ ಒಂದೇ ಕಾಯಿಲೆ ಅಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್-2 ಅಂತ ಮೂರು ಹೆಸರು ಇರುತ್ತವೆ. ಮೊದಲೆರಡು, ಗಡ್ಡೆ ಹಾರ್ಮೋನನ್ನು ಹಿಡಿದುಕೊಳ್ಳುತ್ತದೋ ಇಲ್ಲವೋ ಅಂತ ಹೇಳುತ್ತವೆ. ಅದನ್ನು ನೋಡಿಯೇ ಔಷಧ ಆರಿಸುವುದು. ನನ್ನ ಗಡ್ಡೆ ಈಸ್ಟ್ರೋಜೆನ್ ಹಾರ್ಮೋನನ್ನು ಹಿಡಿದುಕೊಂಡು ಬೆಳೆಯುವಂಥದ್ದು. ನೂರರಲ್ಲಿ 15ರಿಂದ 20 ಮಂದಿಗೆ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇರುತ್ತದೆ. ಆ ಬಗೆಯ ಕ್ಯಾನ್ಸರ್ ಹಿಂದೆ ಬಹಳ ಬೇಗ ಬೆಳೆಯುತ್ತಿತ್ತು, ಬೇಗ ಮರಳಿ ಬರುತ್ತಿತ್ತು. 1987ರಲ್ಲಿ ಅಮೆರಿಕದ ಡೆನ್ನಿಸ್ ಸ್ಲೇಮನ್ ಮತ್ತು ಜೊತೆಗಾರರು ಇದಕ್ಕೂ ಹರ್-2ಗೂ ಸಂಬಂಧ ಇದೆ ಅಂತ ತೋರಿಸಿದರು. 1998ರಲ್ಲಿ ಅಲ್ಲಿ ಹರ್-2 ಅನ್ನೇ ತಡೆಯುವ ಟ್ರಾಸ್ಟುಜುಮಾಬ್ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿತು. ಅದರದೇ ರೂಪದ ಔಷಧವನ್ನು ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಇವತ್ತು ಮೂರು ವಾರಕ್ಕೊಮ್ಮೆ ಆ ಇಂಜೆಕ್ಷನ್ ತೆಗೆದುಕೊಂಡು ಮಾರನೇ ದಿನ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಹರಡದ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಒಂದು ವರ್ಷ. ಈ ಇಂಜೆಕ್ಷನ್ ತೆಗೆದುಕೊಳ್ಳುವವರು ಸುಮಾರು ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಿ ಹೃದಯದ ಬಲ ನೋಡಿಸಿಕೊಳ್ಳಬೇಕು. "ನಂಗೆ ಎದೆಯಲ್ಲಿ ಏನೂ ಆಗ್ತಿಲ್ವಲ್ಲ" ಅಂತ ಎಕೋ ಬಿಡಬೇಡಿ. ತೊಂದರೆ ಗೊತ್ತಾಗುವ ಮೊದಲೇ ಎಕೋದಲ್ಲಿ ಕಾಣುತ್ತದೆ. ಆಗ ಔಷಧ ಸ್ವಲ್ಪ ದಿನ ನಿಲ್ಲಿಸಿದರೆ ಹೆಚ್ಚಿನವರ ಹೃದಯ ಸುಧಾರಿಸಿಕೊಳ್ಳುತ್ತದೆ.

ನನ್ನದು ಬೇರೆ. ಎರಡು ಮಾತ್ರೆ. ಒಂದು ಲೆಟ್ರೋಜೋಲ್, ಇದು ಈಸ್ಟ್ರೋಜೆನ್ ಹುಟ್ಟುವುದನ್ನು ತಡೆಯುತ್ತದೆ. ಇನ್ನೊಂದು ಪಾಲ್ಬೋಸಿಕ್ಲಿಬ್. ಈ ಎರಡನೆಯದರ ಕಥೆ ನನಗೆ ತುಂಬಾ ಇಷ್ಟ. ಒಂದು ಜೀವಕೋಶ ಎರಡಾಗಬೇಕು ಅಂದರೆ ಒಳಗೆ ಕೆಲವು ಪ್ರೋಟೀನುಗಳು ಒಪ್ಪಿಗೆ ಕೊಡಬೇಕು. ಇದನ್ನು ಕಂಡುಹಿಡಿದದ್ದು ಯೀಸ್ಟ್ ಮತ್ತು ಕಡಲ ಮುಳ್ಳುಚೆಂಡಿನ ಮೊಟ್ಟೆಗಳನ್ನು ನೋಡುತ್ತಾ ಕೂತ ವಿಜ್ಞಾನಿಗಳು. ಲೀಲ್ಯಾಂಡ್ ಹಾರ್ಟ್‌ವೆಲ್, ಟಿಮ್ ಹಂಟ್, ಪಾಲ್ ನರ್ಸ್. ಮೂವರಿಗೂ 2001ರಲ್ಲಿ ನೊಬೆಲ್ ಬಂತು. ಬ್ರೆಡ್ ಉಬ್ಬಿಸುವ ಯೀಸ್ಟ್ ಮೇಲೆ ಮಾಡಿದ ಕೆಲಸ ಒಂದು ದಿನ ಮಂಡ್ಯದ ಒಬ್ಬ ಟೀಚರಿನ ಮಾತ್ರೆ ಡಬ್ಬಿಗೆ ಬಂದು ಸೇರುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು? ಮಕ್ಕಳು "ಇದನ್ನ ಓದಿ ಏನ್ ಉಪಯೋಗ ಮಿಸ್?" ಅಂದಾಗ ನಾನು ಇದನ್ನೇ ಹೇಳುತ್ತೇನೆ.

ನಮ್ಮ ವಿ.ಸಿ. ನಾಲೆಯ ತೂಬು ಇಳಿಸಿದರೆ ಗದ್ದೆಗೆ ನೀರು ನಿಲ್ಲುತ್ತದಲ್ಲ, ಈ ಮಾತ್ರೆ ಮಾಡುವುದೂ ಅದನ್ನೇ. ಕೋಶ ಎರಡಾಗುವ ದಾರಿಯ ತೂಬು ಇಳಿಸುತ್ತದೆ. ಆದರೆ ತೂಬಿನ ಕೆಳಗೆ ಕ್ಯಾನ್ಸರಿನ ಗದ್ದೆ ಒಂದೇ ಇಲ್ಲ. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳಿಗೂ ಅಲ್ಲಿಂದಲೇ ನೀರು. ಅದಕ್ಕೇ ಬಿಳಿ ಕಣಗಳ ಲೆಕ್ಕ ಇಳಿಯುತ್ತದೆ. ಅದಕ್ಕೇ 21 ದಿನ ಮಾತ್ರೆ, 7 ದಿನ ಬಿಡುವು. ಬಿಡುವಿನ ವಾರದಲ್ಲಿ ಕಣಗಳು ಮತ್ತೆ ಏರುತ್ತವೆ. ಕೀಮೋದ ಹಾಗೆ ಇದು ಮಜ್ಜೆಯ ಕೋಶಗಳನ್ನು ಸಾಯಿಸುವುದಿಲ್ಲ, ತಡೆದು ನಿಲ್ಲಿಸುತ್ತದೆ.

ನಮ್ಮ ಅಡುಗೆಮನೆ ಗೋಡೆಯ ಮೇಲೆ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರ್ ಇದೆ. ನಿಮ್ಮಲ್ಲಿ ಬಹಳ ಜನರ ಮನೆಯಲ್ಲೂ ಇರುತ್ತದೆ. ಏಕಾದಶಿ, ಸಂಕಷ್ಟಿ, ಅಮಾವಾಸ್ಯೆಗಳ ಪಕ್ಕದಲ್ಲೇ ನನ್ನ ಗುರುತುಗಳಿವೆ. ಪಾಲ್ಬೋಸಿಕ್ಲಿಬ್ ನುಂಗಿದ ದಿನ ಕೆಂಪು ಗೆರೆ. ಲೆಟ್ರೋಜೋಲ್‌ಗೆ ನೀಲಿ ಚುಕ್ಕೆ. ಬಿಡುವಿನ ವಾರದಲ್ಲಿ ಕೆಂಪು ಇರುವುದಿಲ್ಲ, ನೀಲಿ ಮಾತ್ರ ಒಂದು ದಿನವೂ ತಪ್ಪುವುದಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬಿಡುವು ಒಂದು ಮಾತ್ರೆಗೆ ಮಾತ್ರ. ಹಾರ್ಮೋನಿನ ಮಾತ್ರೆಗೆ ಬಿಡುವಿಲ್ಲ. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತವರೊಬ್ಬರು ಆ ವಾರ ಎರಡನ್ನೂ ನಿಲ್ಲಿಸುತ್ತಿದ್ದರು. ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ.

ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬೇಡಿ. ನುಂಗಿದ ಮೇಲೆ ವಾಂತಿಯಾದರೂ ಅವತ್ತಿಗೆ ಇನ್ನೊಂದು ಬೇಡ. ನನ್ನ ಪಾಲ್ಬೋಸಿಕ್ಲಿಬ್ ಕ್ಯಾಪ್ಸೂಲ್ ರೂಪದ್ದು, ಅದನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಹಾಗಾಗಿ ಏಕಾದಶಿ ದಿನವೂ ಬೆಳಗ್ಗೆ ತಿಂಡಿ ತಿನ್ನುತ್ತೇನೆ. ದೇವರಿಗೆ ಕೋಪ ಬರುತ್ತದೆ ಅಂತ ನನಗೆ ಅನಿಸಿಲ್ಲ. ಲಪಾಟಿನಿಬ್ ಅಂತ ಇನ್ನೊಂದು ಮಾತ್ರೆ ಇದೆ, ಅದನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕು. ಆದ್ದರಿಂದ ಪಕ್ಕದ ಮನೆಯವರು ಹೇಗೆ ತಗೊಳ್ತಾರೆ ಅಂತ ನೋಡಿ ನೀವೂ ಹಾಗೇ ಮಾಡಬೇಡಿ. ನಿಮ್ಮ ಚೀಟಿ ನಿಮ್ಮದು.

ಅಡುಗೆಮನೆಯ ವಿಷಯಕ್ಕೇ ಬರುತ್ತೇನೆ. ಅತಿ ಹೆಚ್ಚು ಸಲಹೆ ಬರುವುದು ಅಲ್ಲಿಗೆ.

ಇದು ಸಕ್ಕರೆ ನಾಡು. ಇಲ್ಲಿ ಕೂತು "ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ" ಅನ್ನುವ ಮಾತನ್ನು ಎಷ್ಟು ಬಾಯಿಂದ ಕೇಳಿದ್ದೇನೋ. ಕಬ್ಬು ಬೆಳೆಯುವ ಮನೆಯ ಹೆಣ್ಣುಮಗಳು ಹಬ್ಬದ ದಿನ ಒಂದು ಒಬ್ಬಟ್ಟು ಮುಟ್ಟದೆ ಕೂತದ್ದನ್ನು ನೋಡಿದ್ದೇನೆ. ನನಗೆ ಬಹಳ ನೋವಾಯಿತು. ದೇಹದ ಎಲ್ಲಾ ಕೋಶಗಳೂ ಸಕ್ಕರೆಯನ್ನು ಬಳಸುತ್ತವೆ. ಅನ್ನ, ಮುದ್ದೆ, ಹಣ್ಣು, ಎಲ್ಲವೂ ಒಳಗೆ ಹೋಗಿ ಸಕ್ಕರೆಯೇ ಆಗುವುದು. ಒಂದು ಒಬ್ಬಟ್ಟಿನಿಂದ ಗಡ್ಡೆ ಬೆಳೆಯುವುದಿಲ್ಲ. ತೂಕ ಏರುವುದು, ಸಕ್ಕರೆ ಕಾಯಿಲೆ, ಇವು ಒಳ್ಳೆಯದಲ್ಲ, ಅದಕ್ಕಾಗಿ ಮಿತಿ ಬೇಕು. ಮಿತಿ ಬೇರೆ, ಭಯ ಬೇರೆ.

ರಸ್ತೆ ಬದಿಯ ಕಬ್ಬಿನ ಹಾಲನ್ನು ಮಾತ್ರ ನಾನು ಬಿಟ್ಟಿದ್ದೇನೆ, ಅದಕ್ಕೆ ಕಾರಣ ಸಕ್ಕರೆ ಅಲ್ಲ. ಆ ಐಸು ಯಾವ ನೀರಿನದೋ, ಗಾಣ ಯಾವಾಗ ತೊಳೆದದ್ದೋ. ಬಿಳಿ ಕಣ ಕಡಿಮೆ ಇರುವಾಗ ಒಂದು ಸಣ್ಣ ಸೋಂಕೂ ದೊಡ್ಡದಾಗಬಹುದು. ಹೊರಗಡೆ ಹಸಿ ಕೋಸಂಬರಿ, ಕತ್ತರಿಸಿಟ್ಟ ಹಣ್ಣು ಬೇಡ. ಮನೆಯಲ್ಲಿ ತೊಳೆದು ಮಾಡಿದ್ದು ತಿನ್ನುತ್ತೇನೆ.

ಇನ್ನು ಚಕ್ಕೋತ. ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಮಾತ್ರೆಯ ಚೀಟಿಯಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಅದನ್ನು ಯಾರು ತಿನ್ನುತ್ತಾರೆ ಅಂತ ಬಿಟ್ಟುಬಿಡುತ್ತೇವೆ. ಚಕ್ಕೋತ ಅದರ ಹತ್ತಿರದ ಸಂಬಂಧಿ. ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಇವು ತಡೆಯುತ್ತವೆ. ಆಗ ರಕ್ತದಲ್ಲಿ ಔಷಧ ಬೇಕಾದ್ದಕ್ಕಿಂತ ಜಾಸ್ತಿ ಸೇರುತ್ತದೆ. ಗೌರಿ ಗಣೇಶದ ಹೊತ್ತಿಗೆ ಮನೆಗೆ ಚಕ್ಕೋತ ಬಂದರೆ ನಾನು ಅದನ್ನು ಬಿಡಿಸಿ ಮಕ್ಕಳಿಗೆ ಕೊಡುತ್ತೇನೆ. ಕಿತ್ತಳೆ, ಸೀಬೆ, ಬಾಳೆಹಣ್ಣು ನನ್ನ ಪಾಲಿಗೆ.

ಕಷಾಯದ ವಿಷಯದಲ್ಲಿ ನಾನು ಗಟ್ಟಿಯಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಾರಿಗೆ ಹಾಕುವ ಅರಿಶಿನ, ಶುಂಠಿ, ಜೀರಿಗೆ ಬೇರೆ. ಅರಿಶಿನದ ಸತ್ತಿನ ಕ್ಯಾಪ್ಸೂಲ್, ದಿನಾ ಲೋಟಗಟ್ಟಲೆ ಅಮೃತಬಳ್ಳಿ ಕಷಾಯ ಬೇರೆ. ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಏಟು ಬಿದ್ದವರ ಬಗ್ಗೆ 2021ರಲ್ಲಿ ಮುಂಬೈನ ವೈದ್ಯರು ವರದಿ ಪ್ರಕಟಿಸಿದರು. ನಮ್ಮ ಮಾತ್ರೆಯೂ ಲಿವರ್ ಮೂಲಕವೇ ಹಾದುಹೋಗುವುದು. ಒಂದು ವೇಳೆ ಲಿವರ್ ಟೆಸ್ಟ್ ಏರಿದರೆ ಡಾಕ್ಟರ್ ನಿಲ್ಲಿಸುವುದು ಕ್ಯಾನ್ಸರ್ ಮಾತ್ರೆಯನ್ನು, ಯಾಕೆಂದರೆ ಕಷಾಯದ ವಿಷಯ ನಾವು ಅವರಿಗೆ ಹೇಳಿಯೇ ಇರುವುದಿಲ್ಲ. ಏನೇ ಕುಡಿಯುತ್ತಿದ್ದರೂ ದಯವಿಟ್ಟು ಹೇಳಿ. ಬೈದರೆ ಬೈಸಿಕೊಳ್ಳಿ.

ಮುದ್ದೆಯ ಮಾತು ಹೇಳದೆ ಮಂಡ್ಯದಲ್ಲಿ ಭಾಷಣ ಮುಗಿಸಲು ಆಗುವುದಿಲ್ಲ. ಲೆಟ್ರೋಜೋಲ್ ಶುರು ಮಾಡಿದ ಮೇಲೆ ಬೆಳಗ್ಗೆ ಎದ್ದಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಮಣಿಕಟ್ಟು ನೋವು. ಈ ಬಗೆಯ ಮಾತ್ರೆಯಲ್ಲಿ ಕೀಲು ನೋವು ಬಹಳ ಜನರಿಗೆ ಬರುತ್ತದೆ. ಒಲೆ ಮುಂದೆ ನಿಂತು, ಪಾತ್ರೆಯನ್ನು ಕವೆಗೋಲಿನಲ್ಲಿ ಒತ್ತಿ ಹಿಡಿದು, ಮುದ್ದೆ ಕೋಲು ತಿರುವಬೇಕಲ್ಲ, ಹಿಟ್ಟು ಗಟ್ಟಿಯಾಗುವ ಹೊತ್ತಿಗೆ ಕೈ ಸೋತು ಕೋಲು ನಿಂತೇಬಿಡುತ್ತಿತ್ತು. ಕಣ್ಣಲ್ಲಿ ನೀರು ಬರುತ್ತಿತ್ತು. ನೋವಿಗಿಂತ ಜಾಸ್ತಿ, ಇಷ್ಟು ವರ್ಷ ಮಾಡಿದ ಕೆಲಸ ಕೈಗೆ ಬರುತ್ತಿಲ್ಲವಲ್ಲ ಅಂತ. ಈಗ ನಮ್ಮ ಮನೆಯವರು ತಿರುವುತ್ತಾರೆ, ನಾನು ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟುತ್ತೇನೆ. ಬಿಸಿ ಉಂಡೆ ಬೆರಳಿಗೆ ಹಿತವಾಗಿಯೂ ಇರುತ್ತದೆ. ಬೆಳಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಬಿಚ್ಚಿ ಮುಚ್ಚಿ ಮಾಡುತ್ತೇನೆ. ಸಂಜೆ ನಡೆಯುತ್ತೇನೆ. ನಡಿಗೆಯಿಂದ ಕೀಲು ನೋವೂ ಸುಸ್ತೂ ಕಡಿಮೆಯಾಗುತ್ತವೆ ಅನ್ನುವುದು ಅಧ್ಯಯನಗಳಲ್ಲೂ ಕಂಡಿದೆ. ಸುಸ್ತಾಗಿದೆ ಅಂತ ಮಲಗಿದಷ್ಟೂ ಸುಸ್ತು ಜಾಸ್ತಿ. ಈ ಮಾತ್ರೆಯಿಂದ ಮೂಳೆಯೂ ಸವೆಯುತ್ತದೆ. ಅದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತಾರೆ.

ನನ್ನ ಹಾಗೆ ಮೂಳೆಗೆ ಹರಡಿದವರಿಗೆ ಜೋಲೆಡ್ರೋನಿಕ್ ಆಸಿಡ್ ಅಂತ ಇಂಜೆಕ್ಷನ್ ಕೂಡ ಇರುತ್ತದೆ. ಅದನ್ನು ತೆಗೆದುಕೊಳ್ಳುವವರು ಹಲ್ಲು ಕೀಳಿಸುವ ಮೊದಲು ಹಲ್ಲಿನ ಡಾಕ್ಟರಿಗೂ ಕ್ಯಾನ್ಸರ್ ಡಾಕ್ಟರಿಗೂ ಹೇಳಲೇಬೇಕು. ದವಡೆಯ ಗಾಯ ಮಾಯದೆ ಉಳಿಯುವ ಅಪಾಯ ಇದೆ.

ಶಾಲೆಯಲ್ಲಿ ನನ್ನ ಕಾಯಿಲೆ ಎಲ್ಲರಿಗೂ ಗೊತ್ತು. ನಾನೇ ಹೇಳಿದೆ. ಮಧ್ಯಾಹ್ನದ ಮೇಲಿನ ಪೀರಿಯಡ್‌ಗಳನ್ನು ಬೆಳಗ್ಗೆಗೆ ಹಾಕಿಕೊಟ್ಟರು. ಕುರ್ಚಿ ಮೇಲೆ ಕೂತು ಪಾಠ ಮಾಡುತ್ತೇನೆ, ಬೋರ್ಡಿನ ಮೇಲೆ ಮಕ್ಕಳೇ ಲೆಕ್ಕ ಬಿಡಿಸುತ್ತಾರೆ. ಹಾಗೆ ಮಾಡಿದ ಮೇಲೆ ಅವರು ಇನ್ನೂ ಚೆನ್ನಾಗಿ ಕಲಿಯುತ್ತಿದ್ದಾರೆ. ಊರಲ್ಲೆಲ್ಲ ನೆಗಡಿ, ಜ್ವರ ಇರುವಾಗ ಮಾಸ್ಕ್ ಹಾಕುತ್ತೇನೆ. ಮನೆಯಲ್ಲಿ ಅತ್ತೆಯವರು ಮೊದಮೊದಲು "ನೀನು ಸುಮ್ನೆ ಕೂತ್ಕೋ, ಏನೂ ಮುಟ್ಬೇಡ" ಅನ್ನುತ್ತಿದ್ದರು. ಅವರ ಕೈ ಹಿಡಿದು ಹೇಳಿದೆ. "ಅತ್ತೆ, ಆಗದೆ ಇರೋದನ್ನ ನಾನೇ ಹೇಳ್ತೀನಿ. ಆಗೋದನ್ನ ಮಾಡೋಕೆ ಬಿಡಿ." ಕಾಯಿಲೆಯವರನ್ನು ಪ್ರೀತಿಸುವವರೆಲ್ಲ ಇದನ್ನು ಕೇಳಿಸಿಕೊಳ್ಳಬೇಕು.

ಸಹಜವಾಗಿ ಬದುಕುವುದು ಅಂದರೆ ಎಲ್ಲವನ್ನೂ ಹಲ್ಲು ಕಚ್ಚಿ ಸಹಿಸುವುದು ಅಂತ ತಿಳಿಯಬೇಡಿ. ನಮ್ಮ ಹೆಣ್ಣುಮಕ್ಕಳಿಗೆ ಈ ಅಭ್ಯಾಸ ಚಿಕ್ಕಂದಿನಿಂದ ಬಂದಿದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಜ್ವರದ ಮಾತ್ರೆ ನುಂಗಿ ಮಲಗಬೇಡಿ. ರಾತ್ರಿಯೇ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ಒಂದೇ ಕಾಲು ಊದಿಕೊಂಡರೆ, ಒಣ ಕೆಮ್ಮು ಬಿಡದೆ ಕಾಡಿದರೆ, ಆಗಲೂ ಅಷ್ಟೇ. ಇನ್ನೊಂದು ಮಾತು. ಬಿಳಿ ಕಣ ಕಡಿಮೆಯಾಗಿ ಡಾಕ್ಟರ್ ಪಾಲ್ಬೋಸಿಕ್ಲಿಬ್‌ನ 125 ಮಿಲಿಗ್ರಾಂ ಮಾತ್ರೆಯನ್ನು 100ಕ್ಕೋ 75ಕ್ಕೋ ಇಳಿಸಿದರೆ ಹೆದರಬೇಡಿ. ಡೋಸ್ ಇಳಿಸುವುದು ಈ ಚಿಕಿತ್ಸೆಯ ಲೆಕ್ಕದಲ್ಲೇ ಇದೆ. ಡೋಸ್ ಇಳಿಸಿಬಿಡುತ್ತಾರೆ ಅಂತ ತೊಂದರೆಗಳನ್ನು ಮುಚ್ಚಿಡುವವರು ಇದ್ದಾರೆ. ಅದು ಬಹಳ ಅಪಾಯ.

ಖರ್ಚಿನ ಮಾತು ಎಲ್ಲರ ಮನಸ್ಸಿನಲ್ಲೂ ಇದೆ. 2023ರ ಜನವರಿಯಲ್ಲಿ ಭಾರತದಲ್ಲಿ ಪಾಲ್ಬೋಸಿಕ್ಲಿಬ್‌ನ ಪೇಟೆಂಟ್ ಮುಗಿಯಿತು. ನಮ್ಮ ದೇಶದ ಕಂಪನಿಗಳು ಅದನ್ನು ತಯಾರಿಸಲು ಶುರು ಮಾಡಿದವು, ಬೆಲೆ ಬಹಳ ಇಳಿಯಿತು. ಹಳೆಯ ಬೆಲೆ ಕೇಳಿ "ನಮ್ಮಿಂದ ಆಗಲ್ಲ" ಅಂತ ಕೈಬಿಟ್ಟವರು ಯಾರಾದರೂ ಇದ್ದರೆ ಮತ್ತೊಮ್ಮೆ ಕೇಳಿ. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಯಾವ ಔಷಧ ಅದರಲ್ಲಿ ಬರುತ್ತದೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ. ನಾನು ಚೆಕಪ್‌ಗೆ ಮೈಸೂರಿಗೆ ಹೋಗುವುದು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರು ಟಿಕೆಟ್ ದುಡ್ಡು ಕೊಡಬೇಕಿಲ್ಲ. ಕ್ಯಾನ್ಸರ್ ರೋಗಿಗಳಿಗೆ, ಜೊತೆಗೆ ಹೋಗುವ ಒಬ್ಬರಿಗೆ ರೈಲಿನಲ್ಲೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಪತ್ರ ಬೇಕು.

ಭಾಷಣ ಮುಗಿದ ಮೇಲೆ ಹಿರಿಯರೊಬ್ಬರು ನೇರವಾಗಿ ಕೇಳಿದರು. "ಟೀಚರಮ್ಮ, ಈ ಮಾತ್ರೆ ಎಷ್ಟು ದಿನ ಕೆಲ್ಸ ಮಾಡುತ್ತೆ?" 2016ರಲ್ಲಿ ಪ್ರಕಟವಾದ, 666 ಮಹಿಳೆಯರ ಮೇಲಿನ ಅಧ್ಯಯನದ ಲೆಕ್ಕ ಹೇಳಿದೆ. ಲೆಟ್ರೋಜೋಲ್ ಒಂದನ್ನೇ ತೆಗೆದುಕೊಂಡವರಲ್ಲಿ ಕಾಯಿಲೆ ಮುಂದುವರಿಯದೆ ಇದ್ದ ಕಾಲ 14.5 ತಿಂಗಳು. ಪಾಲ್ಬೋಸಿಕ್ಲಿಬ್ ಸೇರಿಸಿದವರಲ್ಲಿ 24.8 ತಿಂಗಳು. ಆದರೆ ಇದು ಮಧ್ಯಾಂಕ. ಹತ್ತನೇ ಕ್ಲಾಸಿನಲ್ಲಿ ನಾನೇ ಹೇಳಿಕೊಡುತ್ತೇನೆ. ಅರ್ಧ ಜನ ಅದಕ್ಕಿಂತ ಮುಂಚೆ, ಅರ್ಧ ಜನ ಅದನ್ನು ದಾಟಿ. ಎಷ್ಟು ದೂರ ದಾಟುತ್ತಾರೆ ಅಂತ ಆ ಒಂದು ಸಂಖ್ಯೆ ಹೇಳುವುದಿಲ್ಲ. ಈ ಮಾತ್ರೆ ಸೋತರೆ ಬೇರೆ ಔಷಧಗಳೂ ಇವೆ. ಸ್ಕ್ಯಾನ್ ಹತ್ತಿರ ಬಂದಾಗ ನನಗೂ ನಿದ್ದೆ ಬರುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆ ವಾರ ಉತ್ತರ ಪತ್ರಿಕೆಗಳ ಕಟ್ಟನ್ನು ಮನೆಗೆ ತಂದುಕೊಂಡು ತಿದ್ದುತ್ತೇನೆ.

ಚಿಕ್ಕ ವಯಸ್ಸಿನ ಒಬ್ಬರು ಚೀಟಿಯಲ್ಲಿ ಬರೆದು ಕಳಿಸಿದ್ದರು, ಗಂಡ ಹೆಂಡತಿ ಸಂಬಂಧ ಇಟ್ಟುಕೊಳ್ಳಬಹುದಾ ಅಂತ. ಇಟ್ಟುಕೊಳ್ಳಬಹುದು. ಕ್ಯಾನ್ಸರ್ ಅಂಟುವುದಿಲ್ಲ. ಒಣಗುವಿಕೆ, ನೋವು ಇದ್ದರೆ ಹಾರ್ಮೋನ್ ಇಲ್ಲದ ಜೆಲ್ ಸಿಗುತ್ತದೆ. ಡಾಕ್ಟರನ್ನು ಕೇಳದೆ ಯಾವ ಕ್ರೀಮನ್ನೂ ಕೊಳ್ಳಬೇಡಿ, ಕೆಲವದರಲ್ಲಿ ಈಸ್ಟ್ರೋಜೆನ್ ಇರುತ್ತದೆ. ಮುಟ್ಟು ನಿಂತಿದೆ ಅಂತ ಗರ್ಭ ನಿಲ್ಲುವುದಿಲ್ಲ ಅಂದುಕೊಳ್ಳಬೇಡಿ. ಈ ಔಷಧಗಳು ಮಗುವಿಗೆ ಹಾನಿ ಮಾಡುತ್ತವೆ. ಟ್ರಾಸ್ಟುಜುಮಾಬ್ ತೆಗೆದುಕೊಂಡವರು ಕೊನೆಯ ಇಂಜೆಕ್ಷನ್ ಆದ ಮೇಲೂ 7 ತಿಂಗಳು ಗರ್ಭ ಧರಿಸಬಾರದು.

ಎಲ್ಲರೂ ಎದ್ದು ಹೋಗುವಾಗ ಒಬ್ಬ ಅಕ್ಕ ಹತ್ತಿರ ಬಂದರು. ಅವರಿಗೂ ಸ್ತನ ಕ್ಯಾನ್ಸರ್, ಆಪರೇಷನ್ ಆಗಿದೆ, ಟಾಮೋಕ್ಸಿಫೆನ್ ಅನ್ನುವ ಹಾರ್ಮೋನಿನ ಮಾತ್ರೆ ನುಂಗುತ್ತಿದ್ದಾರೆ. ಮನೆಯಲ್ಲಿ ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮಾತ್ರೆ ಶೀಟನ್ನು ಅಕ್ಕಿ ಡಬ್ಬಿಯೊಳಗೆ ಇಡುತ್ತಾರಂತೆ. "ಮಗಳಿಗೆ ಗಂಡು ನೋಡ್ತಾ ಇದೀವಿ ಕಣಕ್ಕ. ವಂಶದ ಕಾಯಿಲೆ ಅಂದ್ಬಿಟ್ರೆ ಸಂಬಂಧ ಮುರಿದೋಗುತ್ತೆ." ನೆಂಟರ ಮನೆಗೆ ಹೋದಾಗ ಮಾತ್ರೆ ಬಿಟ್ಟುಬಿಡುತ್ತಾರೆ, ಯಾರಾದರೂ ನೋಡಿದರೆ ಅಂತ.

ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ತಂದೆ ತಾಯಿಯಿಂದ ಬಂದ ಜೀನಿನ ದೋಷಕ್ಕೆ ಸೇರಿದವು 5ರಿಂದ 10 ಅಷ್ಟೇ ಅಂತ ಅವರಿಗೆ ಹೇಳಿದೆ. ಅವರದು ಆ ಗುಂಪಿನದೋ ಅಲ್ಲವೋ ಅಂತ ಡಾಕ್ಟರ್ ವಯಸ್ಸು, ಮನೆತನದ ಇತಿಹಾಸ ನೋಡಿ ಹೇಳುತ್ತಾರೆ, ಬೇಕಾದರೆ ಬಿಆರ್‌ಸಿಎ ಅನ್ನುವ ಜೀನಿನ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಏನಾದರೂ ಕಂಡರೆ ಮಗಳು ಎಷ್ಟನೇ ವಯಸ್ಸಿನಿಂದ ತಪಾಸಣೆ ಮಾಡಿಸಬೇಕು ಅನ್ನುವುದೂ ಗೊತ್ತಾಗುತ್ತದೆ. ಏನೂ ಇಲ್ಲ ಅಂತ ಬಂದರೆ ಆ ಕಾಗದವೇ ಕೈಯಲ್ಲಿರುತ್ತದೆ. ಟಾಮೋಕ್ಸಿಫೆನ್ 5 ವರ್ಷ, ಕೆಲವರಿಗೆ 10 ವರ್ಷ ನುಂಗುವ ಮಾತ್ರೆ. ಅಷ್ಟು ಕಾಲ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ನಡೆಸಲು ಆಗುತ್ತದಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೂ ಇನ್ನೂ ಹೇಳಿಲ್ಲ" ಅಂದರು. ಮೊದಲು ಅವಳಿಗೆ ಹೇಳಿ, ಮುಂದಿನ ಸಲ ಮೈಸೂರಿಗೆ ಬರುವಾಗ ಅವಳನ್ನೂ ಕರೆದುಕೊಂಡು ಬನ್ನಿ ಅಂದೆ. ನನ್ನ ಚೆಕಪ್ಪೂ ಅದೇ ವಾರ ಇದೆ, ಒಂದೇ ಬಸ್ಸಿಗೆ ಹೋಗೋಣ ಅಂತ ಮಾತಾಡಿಕೊಂಡೆವು.